ಬೀಕರೋ, ಫ್ಲೋ ಸೆಲ್ಲೋ? ಒಂದೇ ರಿಯಾಕ್ಷನ್ ಎರಡರಲ್ಲೂ ಮಾಡಿ ನೋಡಿದೆ

ಪಿರೋಲಿಡಿನ್, ಪಿಪೆರಿಡಿನ್ ಉಂಗುರಗಳು (ಒಂದು ನೈಟ್ರೋಜನ್, ಜೊತೆಗೆ ನಾಲ್ಕು ಅಥವಾ ಐದು ಕಾರ್ಬನ್) ತುಂಬಾ ಔಷಧಿಗಳಲ್ಲಿ ಇವೆ. ಆ ಉಂಗುರದಲ್ಲಿ ನೈಟ್ರೋಜನ್ ಪಕ್ಕದ ಕಾರ್ಬನ್‌ಗೆ ಬೇರೆ ಬೇರೆ ತುಣುಕು ಜೋಡಿಸಿದರೆ ಪರೀಕ್ಷೆಗೆ ಕಳಿಸಲು ಹೊಸ ಅಣುಗಳು ಸಿಗುತ್ತವೆ. ಇದಕ್ಕೆ ನನಗಿಷ್ಟದ ದಾರಿ ಶೋನೊ ಆಕ್ಸಿಡೇಶನ್, ಜಪಾನಿನ ತತ್ಸುಯ ಶೋನೊ ತಂಡ 1975ರಲ್ಲಿ ತೋರಿಸಿದ್ದು. ಮೆಥನಾಲ್‌ನಲ್ಲಿ ಕರೆಂಟ್ ಹಾಯಿಸಿದರೆ ಆ ಕಾರ್ಬನ್ ಮೇಲೆ ಮೆಥಾಕ್ಸಿ (ಮೆಥನಾಲ್‌ನಿಂದ ಬರುವ OCH₃ ತುಣುಕು) ಬಂದು ಕೂರುತ್ತದೆ. ಆಮೇಲೆ ಅದನ್ನು ತೆಗೆದು ಬೇಕಾದ್ದನ್ನು ಹಾಕಬಹುದು.

ಮೊದಲು ಬೀಕರ್. ಗ್ರಾಫೈಟ್ ಆನೋಡ್, ಸ್ಟೀಲ್ ಕ್ಯಾಥೋಡ್, ಮಧ್ಯೆ 1 ಸೆಂ.ಮೀ. ಅಂತರ. 5 ಮಿಲಿಮೋಲ್ ಬಾಕ್-ಪಿರೋಲಿಡಿನ್ (ನೈಟ್ರೋಜನ್‌ಗೆ ಬಾಕ್ ಎಂಬ ರಕ್ಷಕ ತುಣುಕು ಹಾಕಿದ ಪಿರೋಲಿಡಿನ್), 50 ಮಿಲಿಆಂಪ್. ಅಣುವಿಗೆ 2 ಎಲೆಕ್ಟ್ರಾನ್ ಬೇಕು, ಹಾಗಾಗಿ ಒಂದು ಚೂರೂ ಕರೆಂಟ್ ವ್ಯರ್ಥವಾಗದಿದ್ದರೂ ಸುಮಾರು 5 ಗಂಟೆ 20 ನಿಮಿಷ. ಅಷ್ಟು ಹೊತ್ತೂ ಮೊದಲೇ ತಯಾರಾದ ಪ್ರಾಡಕ್ಟ್ ಅಲ್ಲೇ ಎಲೆಕ್ಟ್ರೋಡ್ ಜೊತೆ ಇರುತ್ತದೆ, ಇನ್ನೊಂದು ಸುತ್ತು ಆಕ್ಸಿಡೈಸ್ ಆಗಿ ಕೆಡುವ ಭಯ. ಕರೆಂಟ್ ಹರಿಯಲು ಉಪ್ಪೂ ಜಾಸ್ತಿ ಹಾಕಬೇಕು, ಅದನ್ನು ಕೊನೆಗೆ ಬೇರ್ಪಡಿಸುವುದು ಸಾಕುಸಾಕಾಗುವ ಕೆಲಸ.

ಫ್ಲೋ ಸೆಲ್ ಅಂದರೆ ಪಂಪ್ ತಳ್ಳುವ ದ್ರಾವಣ ಎರಡು ಎಲೆಕ್ಟ್ರೋಡ್ ನಡುವೆ ಹರಿದುಹೋಗುವ ಕಿರಿದಾದ ಸೆಲ್. ನನ್ನದರಲ್ಲಿ ಎಲೆಕ್ಟ್ರೋಡ್ 12 ಚದರ ಸೆಂ.ಮೀ., ಅಂತರ ಬರೀ ಅರ್ಧ ಮಿ.ಮೀ., ಒಳಗೆ ಹಿಡಿಯುವುದು 0.6 ಮಿ.ಲೀ. 0.1 ಮೋಲಾರ್ ದ್ರಾವಣವನ್ನು ನಿಮಿಷಕ್ಕೆ 0.1 ಮಿ.ಲೀ. ಬಿಟ್ಟೆ, 32 ಮಿಲಿಆಂಪ್ ಇಟ್ಟೆ. ಫ್ಲೋ ಅಂದ ಕೂಡಲೇ ಎಲ್ಲರೂ ಸ್ಪೀಡ್ ಅಂತಾರೆ. ಆದರೆ ಲೆಕ್ಕ ನೋಡಿ: ಗಂಟೆಗೆ 0.6 ಮಿಲಿಮೋಲ್, ಬೀಕರ್‌ನಲ್ಲಿ 0.9! ವೇಗ ಕೊಡುವುದು ಕರೆಂಟ್, ಪಂಪ್ ಅಲ್ಲ. ಫ್ಲೋದ ನಿಜವಾದ ಲಾಭ ಬೇರೆ. ಪ್ರತಿ ಹನಿಯೂ ಸುಮಾರು ಒಂದೇ ಅಳತೆಯ ಹೊತ್ತು ಒಳಗಿದ್ದು ಹೊರಗೆ ಬರುತ್ತದೆ, ಹಾಗಾಗಿ ಪ್ರಾಡಕ್ಟ್ ಮತ್ತೆ ಆಕ್ಸಿಡೈಸ್ ಆಗುವ ಭಯ ಕಡಿಮೆ, ಅಂತರ ಕಡಿಮೆಯಾದ್ದರಿಂದ ಉಪ್ಪೂ ಕಡಿಮೆ ಸಾಕು.

ಮೊದಲ ದಿನ ಮಾತ್ರ ಗೊಂದಲವಾಯಿತು. 6 ನಿಮಿಷ ಒಳಗಿರಬೇಕಾದ ದ್ರಾವಣ ಬೇಗನೇ ಹೊರಬರುತ್ತಿತ್ತು, ಟ್ಯೂಬಿನಲ್ಲಿ ಒಂದು ತುಂಡು ದ್ರವ, ಒಂದು ತುಂಡು ಗುಳ್ಳೆ. ಎನ್‌ಎಂಆರ್‌ನಲ್ಲಿ (ಅಣುವಿನ ರಚನೆ ತೋರಿಸುವ ಪರೀಕ್ಷೆ) 5.1 ಪಿಪಿಎಂ ಹತ್ತಿರ ಪ್ರಾಡಕ್ಟ್ ಪೀಕ್ ಇತ್ತು ನಿಜ, ಹಳೆಯ ಪಿರೋಲಿಡಿನ್ ಕೂಡ ಬೇಕಾದಷ್ಟು ಉಳಿದಿತ್ತು. ಕೂತು ಲೆಕ್ಕ ಹಾಕಿದೆ. ಕ್ಯಾಥೋಡ್‌ನಲ್ಲಿ ಹುಟ್ಟುವ ಹೈಡ್ರೋಜನ್ ನಿಮಿಷಕ್ಕೆ ಸುಮಾರು 0.24 ಮಿ.ಲೀ., ಅಂದರೆ ನಾನು ಬಿಡುತ್ತಿದ್ದ ದ್ರವದ ಎರಡು ಪಟ್ಟಿಗಿಂತ ಜಾಸ್ತಿ! ಗ್ಯಾಸೇ ದ್ರವವನ್ನು ತಳ್ಳುತ್ತಿತ್ತು. ಹೊರದಾರಿಗೆ ಬ್ಯಾಕ್ ಪ್ರೆಶರ್ ರೆಗ್ಯುಲೇಟರ್ (ಒಳಗಿನ ಒತ್ತಡ ಹಿಡಿದಿಡುವ ವಾಲ್ವ್) ಹಾಕಿ ಒತ್ತಡ 5 ಬಾರ್‌ವರೆಗೆ ಏರಿಸಿದೆ, ಗುಳ್ಳೆಗಳು ಸಣ್ಣಗಾದವು, ಉಳಿಕೆಯೂ ಇಳಿಯಿತು.

ಇನ್ನೊಂದು ತೊಂದರೆ ಕಟ್ಟಿಕೊಳ್ಳುವುದು. ಒಂದು ಸಬ್‌ಸ್ಟ್ರೇಟ್ (ರಿಯಾಕ್ಷನ್‌ಗೆ ಹಾಕುವ ಮೂಲ ಅಣು) ಗ್ರಾಫೈಟ್ ಮೇಲೆ ಕಪ್ಪು ಪದರ ಬಿಟ್ಟಿತು. ಸೆಲ್ ಬಿಚ್ಚಿ, ಎಮರಿ ಪೇಪರ್‌ನಲ್ಲಿ ಉಜ್ಜಿ, ಮತ್ತೆ ಜೋಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಬೀಕರ್‌ನಲ್ಲಾದರೆ ಅದು ಕಣ್ಣೆದುರೇ ಕಾಣುತ್ತದೆ, ಎಲೆಕ್ಟ್ರೋಡ್ ಎತ್ತಿ ಒರೆಸಿದರೆ ಆಯಿತು.

ಹಾಗಾಗಿ ಹೊಸ ಸಬ್‌ಸ್ಟ್ರೇಟ್ ಬಂದರೆ ನಾನು ಮೊದಲು ಬೀಕರ್‌ನಲ್ಲಿ ಒಂದು ಗಂಟೆ ನೋಡುತ್ತೇನೆ. ಪದರ ಕಟ್ಟದಿದ್ದರೆ ಫ್ಲೋಗೆ. ಹತ್ತು ಹನ್ನೆರಡು ಅಣುಗಳ ಸರಣಿ ಬೇಕಾದಾಗಲಂತೂ ಫ್ಲೋ ಬಿಟ್ಟು ಬೇರೇನೂ ಬೇಡ: ಒಂದೊಂದಕ್ಕೆ ಅರ್ಧ ಮಿಲಿಮೋಲ್, ಒಂದೊಂದಕ್ಕೆ 50 ನಿಮಿಷ, ನಡುವೆ ಸ್ವಲ್ಪ ಮೆಥನಾಲ್ ಬಿಟ್ಟು ತೊಳೆದರೆ ಮುಂದಿನದು ಶುರು.