ಟೆಸ್ಟೋಸ್ಟೆರಾನ್ ಕಡಿಮೆಯಿದ್ದರೆ ಜೆಲ್ಲೋ, ಇಂಜೆಕ್ಷನ್ನೋ?

ಬೆಳಗ್ಗೆ 10ರೊಳಗೆ, ಬೇರೆ ಬೇರೆ ದಿನ ಮಾಡಿಸಿದ ಎರಡು ರಕ್ತಪರೀಕ್ಷೆಯಲ್ಲೂ ಕಡಿಮೆ ಬಂದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಈ ಪ್ರಶ್ನೆ. ಮುಂದೆ ಮಗು ಬೇಕೆಂದಿದ್ದರೆ ಎರಡೂ ಬೇಡ. ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳು ವೃಷಣಗಳಿಗೆ ಕಳಿಸುವ ಸೂಚನೆ ತಗ್ಗಿ, ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ. ವೈದ್ಯರಿಗೆ ಮೊದಲೇ ಹೇಳಿ, ಅದಕ್ಕೆ ಬೇರೆ ಔಷಧಿಗಳಿವೆ.

ಖರ್ಚು ನೋಡಿದರೆ 2–3 ವಾರಕ್ಕೊಮ್ಮೆ ಹಾಕಿಸುವ ಇಂಜೆಕ್ಷನ್ನೇ ಅಗ್ಗ. ಆದರೆ ಮೊದಲ ದಿನಗಳಲ್ಲಿ ಹುರುಪು, ಮುಂದಿನ ಡೋಸ್ ಹತ್ತಿರವಾದಂತೆ ಸುಸ್ತು, ಸಿಡುಕು. ರಕ್ತ ದಪ್ಪವಾಗುವುದೂ ಇದರಲ್ಲೇ ಹೆಚ್ಚು. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) 54% ದಾಟಿದರೆ ನಿಲ್ಲಿಸಲೇಬೇಕು.

ಜೆಲ್‌ನಲ್ಲಿ ಇಷ್ಟು ಏರಿಳಿತವಿಲ್ಲ. ಹೊಸದಾಗಿ ಶುರುಮಾಡುವವರಿಗೆ ಒಳ್ಳೆಯದು, ತೊಂದರೆಯಾದರೆ ಮರುದಿನವೇ ಬಿಡಬಹುದು. ಆದರೆ ದಿನಾ ಭುಜಕ್ಕೆ ಹಚ್ಚಿ, ಒಣಗಲು ಬಿಟ್ಟು, ಸೋಪು ಹಾಕಿ ಕೈತೊಳೆದು ಅಂಗಿ ತೊಡಬೇಕು. ಮನೆಯಲ್ಲಿ ಹೆಗಲೇರುವ ಪುಟ್ಟ ಮಗುವಿದ್ದರೆ ನಾನಂತೂ ಜೆಲ್ ಬೇಡವೆನ್ನುತ್ತೇನೆ: ಚರ್ಮದಿಂದ ಚರ್ಮಕ್ಕೆ ದಾಟಿ ಎಳೆಯ ಮಕ್ಕಳಲ್ಲಿ ಅಕಾಲ ಪ್ರೌಢತೆಯ ಲಕ್ಷಣಗಳು ಕಂಡದ್ದಿದೆ.

ಅಂಥವರಿಗೂ ದಿನದ ಗೋಜು ಬೇಡದವರಿಗೂ 10–14 ವಾರಕ್ಕೊಮ್ಮೆ ಪೃಷ್ಠಕ್ಕೆ ನಿಧಾನವಾಗಿ ಕೊಡುವ 1000 ಮಿಲಿಗ್ರಾಂ ಇಂಜೆಕ್ಷನ್ ಇದೆ. ಬೆಲೆ ಜಾಸ್ತಿ, ಆಸ್ಪತ್ರೆಯಲ್ಲೇ ಹಾಕಿಸಬೇಕು.