ಡೈಸಲ್ಫಿರಾಮ್ 250: ಕುಡಿತ ಬಿಡಿಸುವ ಮಾತ್ರೆಯನ್ನು ನಂಬಬಹುದೇ?

ನಂಬಬಹುದು. ಆದರೆ ನುಂಗುವವರಿಗೆ ಅದು ಯಾವ ಮಾತ್ರೆ ಎಂದು ಗೊತ್ತಿರಬೇಕು, ಅವರೇ ಒಪ್ಪಿ ನುಂಗುತ್ತಿರಬೇಕು. ಕಾಫಿಯಲ್ಲೋ ಸಾರಿನಲ್ಲೋ ಗುಟ್ಟಾಗಿ ಬೆರೆಸಿ ಕೊಡೋಣ ಅಂದುಕೊಂಡಿದ್ದರೆ ಇದನ್ನು ದಯವಿಟ್ಟು ಕೊಳ್ಳಬೇಡಿ.

ಮೆಡಿಕಲ್ ಶಾಪ್‌ಗಳಲ್ಲಿ ಎಸ್ಪೆರಾಲ್, ಡೈಝೋನ್ ಮುಂತಾದ ಹೆಸರುಗಳಲ್ಲಿ ಸಿಗುವ ಮಾತ್ರೆ ಇದು. ವೈದ್ಯರ ಚೀಟಿ ಬೇಕು. ಕುಡಿತದ ಚಿಕಿತ್ಸೆಗೆ ಬಳಸುವ ಔಷಧಿಗಳಲ್ಲಿ ಅಗ್ಗವಾದದ್ದೂ ಹೌದು. 1940ರ ದಶಕದಲ್ಲಿ ಡೆನ್ಮಾರ್ಕ್‌ನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸನ್ ಇದನ್ನು ಹೊಟ್ಟೆಹುಳುವಿನ ಔಷಧಿಯಾಗಿ ಪರೀಕ್ಷಿಸುತ್ತಿದ್ದರು. ತಾವೇ ನುಂಗಿ ನೋಡಿದ ಮೇಲೆ, ಮದ್ಯ ಮುಟ್ಟಿದಾಗಲೆಲ್ಲ ಮೈ ಕೆಡುವುದು ಅವರ ಗಮನಕ್ಕೆ ಬಂತು. ಕುಡಿತದ ಚಿಕಿತ್ಸೆಗೆ ಇದು ಬಂದದ್ದು ಹಾಗೆ.

ಮದ್ಯ ಹೊಟ್ಟೆಗೆ ಹೋದಮೇಲೆ ಲಿವರ್ ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಮಾರ್ಪಡಿಸುತ್ತದೆ. ಆಮೇಲೆ ಇನ್ನೊಂದು ಕಿಣ್ವ ಅದನ್ನು ನಿರುಪದ್ರವಿ ಅಸಿಟೇಟ್ ಮಾಡುತ್ತದೆ. ಡೈಸಲ್ಫಿರಾಮ್ ತಡೆಯುವುದು ಈ ಎರಡನೆಯ ಕಿಣ್ವವನ್ನು. ಆಗ ವಿಷ ರಕ್ತದಲ್ಲೇ ಉಳಿಯುತ್ತದೆ: ಹತ್ತರಿಂದ ಮೂವತ್ತು ನಿಮಿಷದೊಳಗೆ ಮುಖ, ಕುತ್ತಿಗೆ ಕೆಂಪೇರಿ ಬಿಸಿಯಾಗುತ್ತದೆ, ತಲೆ ಸಿಡಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ತಡೆದ ಕಿಣ್ವ ಮತ್ತೆ ಎಚ್ಚರಗೊಳ್ಳುವುದಿಲ್ಲ, ದೇಹ ಹೊಸದನ್ನೇ ತಯಾರಿಸಬೇಕು. ಹಾಗಾಗಿ ಮಾತ್ರೆ ನಿಲ್ಲಿಸಿದರೂ ಎರಡು ವಾರದವರೆಗೆ ಪರಿಣಾಮ ಉಳಿದಿರಬಹುದು. ಈ ಎರಡು ವಾರದ ಲೆಕ್ಕ ಮುಂದೆ ಬಹಳ ಮುಖ್ಯವಾಗುತ್ತದೆ.

ಗಮನಿಸಿ, ಇದು ಕುಡಿಯುವ ಆಸೆಯನ್ನು ಕಡಿಮೆ ಮಾಡುವುದಿಲ್ಲ. ಸಂಜೆ ಆರಕ್ಕೆ ಬರುವ ಹಪಹಪಿ ಹಾಗೇ ಬರುತ್ತದೆ. ಕುಡಿದರೆ ಏನಾಗುತ್ತದೆ ಎಂಬ ಅರಿವೊಂದೇ ಅಡ್ಡ ನಿಲ್ಲುವುದು. ಅಸಲಿ ಮಾತ್ರೆ ಯಾರಿಗೆ, ಸುಳ್ಳು ಮಾತ್ರೆ ಯಾರಿಗೆ ಎಂದು ಯಾರಿಗೂ ತಿಳಿಸದೆ ನಡೆಸಿದ ಪರೀಕ್ಷೆಗಳಲ್ಲಿ ಎರಡು ಗುಂಪುಗಳ ನಡುವೆ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಗೊತ್ತಿದ್ದು, ಇನ್ನೊಬ್ಬರೆದುರು ನುಂಗಿದವರಲ್ಲಿ ಮಾತ್ರ ಪ್ರಯೋಜನ ಎದ್ದು ಕಂಡಿದೆ. ಗುಟ್ಟಾಗಿ ಕೊಡುವುದು ಅಪಾಯವಷ್ಟೇ ಅಲ್ಲ, ವ್ಯರ್ಥ ಕೂಡ. ತನಗೇನು ಕೊಟ್ಟಿದ್ದಾರೆಂದು ಗೊತ್ತಿಲ್ಲದ ಮನುಷ್ಯ ಕುಡಿದು ಕುಸಿದರೆ ಹೃದಯಾಘಾತ ಎಂದೇ ಭಾವಿಸುತ್ತಾನೆ. ಎಮರ್ಜೆನ್ಸಿ ವೈದ್ಯರಿಗೂ ಸುಳಿವು ಸಿಗುವುದಿಲ್ಲ. ಮನೆಯವರ ಕೈಯಡುಗೆಯ ಮೇಲಿನ ನಂಬಿಕೆಯೂ ಅಲ್ಲಿಗೆ ಹೋಯಿತು. ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ’ ಎಂದು ಗೋಡೆಗೋಡೆಗೂ ಪೋಸ್ಟರ್ ಹಚ್ಚಿ ಮಾರುವ ಪುಡಿಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅದರೊಳಗೆ ಏನಿದೆ, ಎಷ್ಟಿದೆ ಎಂಬುದೇ ತಿಳಿಯುವುದಿಲ್ಲ.

ಶುರು ಮಾಡುವ ಕ್ರಮ ಹೀಗೆ. ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ, ಸಾಮಾನ್ಯವಾಗಿ 24 ಗಂಟೆ ಕಳೆದಿರಬೇಕು. ದಿನವೂ ಕುಡಿಯುತ್ತಿದ್ದವರು ನೇರವಾಗಿ ಈ ಮಾತ್ರೆಗೆ ಬರುವಂತಿಲ್ಲ. ಕುಡಿತ ಹಠಾತ್ ನಿಂತಾಗ ಕೈ ನಡುಕ, ಬೆವರು, ನಿದ್ದೆಗೇಡು, ಕೆಲವರಲ್ಲಿ ಫಿಟ್ಸ್, ಎರಡು ಮೂರನೇ ದಿನಕ್ಕೆ ಭ್ರಮೆ ಬರಬಹುದು. ಇದಕ್ಕೆ ಮೊದಲು ಆಸ್ಪತ್ರೆಯಲ್ಲಿ ಬೇರೆ ಔಷಧಿ ಮತ್ತು ಥಯಾಮಿನ್ (ಬಿ1 ವಿಟಮಿನ್) ಕೊಟ್ಟು ದೇಹವನ್ನು ಹದಕ್ಕೆ ತರಬೇಕು. ಲಿವರ್ ಪರೀಕ್ಷೆ (ಎಲ್‌ಎಫ್‌ಟಿ) ಮತ್ತು ಇಸಿಜಿ ಆದ ಮೇಲೆ ದಿನಕ್ಕೊಂದು 250 ಮಿ.ಗ್ರಾಂ ಮಾತ್ರೆ. ಮೊದಲ ಒಂದೆರಡು ವಾರ 500 ಕೊಡುವ ವೈದ್ಯರಿದ್ದಾರೆ, ಅದರ ಮೇಲೆ ಹೋಗುವುದಿಲ್ಲ. ಹೃದಯದ ಕಾಯಿಲೆ, ತೀವ್ರ ಲಿವರ್ ತೊಂದರೆ, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಇರುವವರಿಗೆ, ಗರ್ಭಿಣಿಯರಿಗೆ ಇದು ಬೇಡ. ಫಿಟ್ಸ್‌ಗೆ ಫೆನಿಟಾಯಿನ್, ರಕ್ತ ತೆಳುವಾಗಿಸಲು ವಾರ್ಫರಿನ್, ಕ್ಷಯಕ್ಕೆ ಐಸೋನಿಯಾಜಿಡ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆ ಸೇರಿದರೆ ಬುದ್ಧಿಭ್ರಮೆ ಆಗಬಹುದು. ಹೊಟ್ಟೆ ಕೆಟ್ಟಾಗ ಅಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆಯೇ ಅದಾದ್ದರಿಂದ ಈ ಮಾತನ್ನು ಒತ್ತಿ ಹೇಳಬೇಕು.

ನುಂಗುವ ಹೊತ್ತು ಬೆಳಗ್ಗೆ, ತಿಂಡಿಯಾದ ಮೇಲೆ. ಮನಸ್ಸು ಗಟ್ಟಿಯಾಗಿರುವ ಹೊತ್ತು ಅದು. ಹೆಂಡತಿ, ಅಣ್ಣ, ಗೆಳೆಯ, ಯಾರಾದರೊಬ್ಬರು ಎದುರಿಗಿರಲಿ. ಮಾತ್ರೆಯನ್ನು ಪುಡಿ ಮಾಡಿ ಅರ್ಧ ಲೋಟ ನೀರಿಗೆ ಹಾಕಿ, ಕಲಕಿ, ಕುಡಿದು, ತಳದಲ್ಲಿ ಉಳಿದ ಬಿಳಿ ಗಸಿಗೆ ಇನ್ನಷ್ಟು ನೀರು ಹಾಕಿ ಅದನ್ನೂ ಕುಡಿಯುವುದು ಒಳ್ಳೆಯ ಕ್ರಮ. ಕೆನ್ನೆಯಲ್ಲಿ ಒತ್ತಿಟ್ಟುಕೊಂಡು ಹಿತ್ತಲಲ್ಲಿ ಉಗಿದುಬರುವ ಪ್ರಸಂಗ ತಪ್ಪುತ್ತದೆ. ಇದು ಪೊಲೀಸ್ ತಪಾಸಣೆಯಂತೆ ನಡೆಯಬಾರದು. ‘ತಗೊಂಡ್ರಾ?’ ಅಂತ ಹತ್ತು ಸಲ ಕೇಳಿದರೆ ಜಗಳವೇ ಆಗುತ್ತದೆ. ಎಷ್ಟು ಹೊತ್ತಿಗೆ, ಯಾರೆದುರು, ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ವೈದ್ಯರೆದುರೇ ಇಬ್ಬರೂ ಮಾತಾಡಿ ಒಪ್ಪಿಕೊಂಡಿರಲಿ.

ಬಾಟಲಿಯಲ್ಲದ ಕಡೆಯೂ ಮದ್ಯಸಾರ ಇರುತ್ತದೆ. ನಮ್ಮ ಮನೆಗಳಲ್ಲಿ ಮುಖ್ಯವಾಗಿ ಅರಿಷ್ಟ, ಆಸವಗಳು: ದಶಮೂಲಾರಿಷ್ಟ, ಅಶ್ವಗಂಧಾರಿಷ್ಟದಂಥವು ಹುದುಗಿಸಿಯೇ ಆಗುವ ಔಷಧಿಗಳು. ಕೆಲವು ಕೆಮ್ಮಿನ ಸಿರಪ್, ಮೌತ್‌ವಾಶ್, ಹೋಮಿಯೋಪತಿ ಟಿಂಕ್ಚರ್, ಶೇವಿಂಗ್ ಆದಮೇಲೆ ಹಚ್ಚುವ ಲೋಷನ್ ಕೂಡ ಈ ಸಾಲಿಗೆ ಸೇರುತ್ತವೆ. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಬರೆದ ಚೀಟಿ ಪರ್ಸ್‌ನಲ್ಲಿರಲಿ. ಕುಡಿದು ರಿಯಾಕ್ಷನ್ ಆದರೆ ಮಲಗಿಸಿ, ಕಾಲು ಎತ್ತರಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇದಕ್ಕೆ ಮಾರುಮದ್ದಿಲ್ಲ, ಬಿಪಿ ಮತ್ತು ಉಸಿರಾಟವನ್ನು ನೋಡಿಕೊಳ್ಳುವುದೇ ಚಿಕಿತ್ಸೆ.

ಮೊದಲ ವಾರಗಳಲ್ಲಿ ಮಂಪರು, ತಲೆನೋವು, ಬಾಯಲ್ಲಿ ಲೋಹದ ಇಲ್ಲವೇ ಬೆಳ್ಳುಳ್ಳಿಯ ರುಚಿ ಸಾಮಾನ್ಯ. ಮಂಪರು ಹೆಚ್ಚಿದ್ದರೆ ರಾತ್ರಿಗೆ ಬದಲಿಸಬಹುದು. ಲಿವರ್ ಊತ ಅಪರೂಪ, ಆದರೆ ಜೀವಕ್ಕೇ ಕುತ್ತು ತರಬಲ್ಲದು. ಅದಕ್ಕೇ ಎರಡು ವಾರಕ್ಕೊಮ್ಮೆ ಎಲ್‌ಎಫ್‌ಟಿ, ಆಮೇಲೆ ವೈದ್ಯರು ಹೇಳಿದಾಗಲೆಲ್ಲ. ಕಣ್ಣು ಹಳದಿ, ಮೂತ್ರ ಕಪ್ಪುಗಟ್ಟುವುದು, ಊಟ ಸೇರದಿರುವುದು ಕಂಡರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ತಿಂಗಳುಗಟ್ಟಲೆ ತೆಗೆದುಕೊಂಡವರಿಗೆ ಪಾದ ಜುಮ್ಮೆನ್ನತೊಡಗಿದರೆ ಅದನ್ನೂ ಹೇಳಬೇಕು.

ಇನ್ನು ಮರುಕಳಿಕೆ. ಈ ಮಾತ್ರೆಯ ದೊಡ್ಡ ಉಪಯೋಗ ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಮತ್ತೆ ಕುಡಿತಕ್ಕೆ ಬೀಳುವುದು ಬಾರ್‌ನಲ್ಲಿ ಶುರುವಾಗುವುದಿಲ್ಲ, ಅದಕ್ಕೂ ಎಷ್ಟೋ ದಿನ ಮೊದಲು ಶುರುವಾಗಿರುತ್ತದೆ: ಸಂಬಳದ ದಿನದ ಬಗ್ಗೆ ವಿಪರೀತ ಉತ್ಸಾಹ, ಹಳೇ ಗೆಳೆಯರ ಫೋನ್, ನಿದ್ದೆ ಕೆಡುವುದು, ‘ಈಗ ನನಗೇನೂ ತೊಂದರೆಯಿಲ್ಲ, ಇನ್ನು ಮಾತ್ರೆ ಬೇಡ’ ಎಂಬ ಮಾತು. ಹೊರಗಿನವರಿಗೆ ಇದೊಂದೂ ಕಾಣದು. ಸ್ಟ್ರಿಪ್ ಮಾತ್ರ ಎಣಿಸಿದರೆ ಹೇಳುತ್ತದೆ. ಬೀಗರೂಟ ಇನ್ನು ಹತ್ತು ದಿನ ಇರುವಾಗಲೇ ಮಾತ್ರೆ ತಪ್ಪತೊಡಗಿದರೆ, ಮನಸ್ಸು ಆ ಎರಡು ವಾರದ ಲೆಕ್ಕ ಹಾಕುತ್ತಿದೆ ಎಂದರ್ಥ. ರೇಗಾಡುವ ಹೊತ್ತಲ್ಲ ಅದು. ಔಷಧಿಯ ಪರಿಣಾಮ ಇನ್ನೂ ಉಳಿದಿದೆ, ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಲು ಸಮಯವಿದೆ. ಬೀಗರೂಟಕ್ಕೆ ಯಾರ ಜೊತೆ ಹೋಗುವುದು, ಎಷ್ಟು ಹೊತ್ತಿಗೆ ಹೊರಡುವುದು, ಗ್ಲಾಸ್ ಕೈಗಿಟ್ಟರೆ ಯಾವ ಮಾತು ಹೇಳುವುದು ಎಂದು ಮೊದಲೇ ಅಭ್ಯಾಸ ಮಾಡಿಸುವುದೇ ಆಪ್ತಸಮಾಲೋಚನೆಯ ಕೆಲಸ. ಮಾತ್ರೆ ದೊರಕಿಸುವುದು ಕಾಲಾವಕಾಶ. ಆ ಅವಕಾಶದಲ್ಲಿ ಇದನ್ನೆಲ್ಲ ಕಲಿಯದಿದ್ದರೆ ಸ್ಟ್ರಿಪ್ ಮುಗಿದ ದಿನ ಎಲ್ಲವೂ ಮೊದಲಿದ್ದಲ್ಲಿಗೇ.

ಒಂದು ದಿನ ಕುಡಿದೇಬಿಟ್ಟರು ಎಂದುಕೊಳ್ಳಿ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ತೋರಿಸಿಕೊಟ್ಟ ಸಂಗತಿ ಇಲ್ಲಿ ನೆನಪಿರಲಿ: ಆ ಮೊದಲ ಗ್ಲಾಸಿಗಿಂತ, ‘ಎಲ್ಲ ಹಾಳಾಯ್ತು, ಇನ್ನೇನು ಉಳೀತು’ ಎಂಬ ನಾಚಿಕೆ ಮತ್ತು ಹತಾಶೆಯೇ ಮನುಷ್ಯನನ್ನು ಪೂರ್ತಿ ಕುಡಿತಕ್ಕೆ ತಳ್ಳುತ್ತದೆ. ಬೆಳಗಾದ ಮೇಲೆ ಆ ದಿನ ಏನು ನಡೆಯಿತು, ಮಾತ್ರೆ ಯಾವಾಗಿನಿಂದ ತಪ್ಪಿತ್ತು ಎಂದು ಸಮಾಧಾನವಾಗಿ ಕೂತು ಮಾತಾಡಿ. ಕುಡಿದವರಿಗೆ ಸಿಟ್ಟಿನಲ್ಲಿ ಮಾತ್ರೆ ನುಂಗಿಸಬೇಡಿ. ಮತ್ತೆ 24 ಗಂಟೆ ಮದ್ಯವಿಲ್ಲದೆ ಕಳೆದ ಮೇಲೆ, ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ನಾಲ್ಕಾರು ದಿನ ಸತತ ಕುಡಿದಿದ್ದರೆ ಮೊದಲು ಆಸ್ಪತ್ರೆ.

ನಡುಕ, ಫಿಟ್ಸ್‌ನ ಹಂತ ದಾಟಿ, ಪೂರ್ತಿ ಬಿಡಬೇಕೆಂದು ನಿರ್ಧರಿಸಿದವರಿಗೆ, ಬೆಳಗ್ಗೆ ಜೊತೆಗೆ ಕೂರುವವರು ಇದ್ದವರಿಗೆ ಈ ಮಾತ್ರೆ ಒಳ್ಳೆಯದು. ಒಂಟಿಯಾಗಿ ರೂಮಿನಲ್ಲಿರುವವರಿಗೆ, ಹಪಹಪಿಯೇ ಮುಖ್ಯ ತೊಂದರೆಯಾದವರಿಗೆ ಬೇರೆ ಔಷಧಿಗಳನ್ನು ಕೇಳಬಹುದು. ದಿನಕ್ಕೆ 50 ಮಿ.ಗ್ರಾಂನ ನಾಲ್ಟ್ರೆಕ್ಸೋನ್ ಕುಡಿತದ ಮಜಾ ತಗ್ಗಿಸುತ್ತದೆ, ಆದರೆ ಓಪಿಯಾಯ್ಡ್ (ಅಫೀಮಿನ ಜಾತಿಯ) ನೋವುಮಾತ್ರೆ ತೆಗೆದುಕೊಳ್ಳುವವರಿಗೆ ಆಗದು. ಅಕಾಂಪ್ರೊಸೇಟ್ 333 ಮಿ.ಗ್ರಾಂನದು ದಿನಕ್ಕೆ ಮೂರು ಹೊತ್ತು ಎರಡೆರಡು ಮಾತ್ರೆ. ಕಿಡ್ನಿ ಸರಿಯಿರಬೇಕು, ಆರು ಮಾತ್ರೆ ನೆನಪಿಟ್ಟು ನುಂಗುವುದು ಹಲವರಿಗೆ ಕಷ್ಟ. ಈ ಎರಡರಲ್ಲೂ ಕುಡಿದರೆ ಡೈಸಲ್ಫಿರಾಮ್‌ನಂಥ ರಿಯಾಕ್ಷನ್ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮತ್ತು ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ಈ ಚಿಕಿತ್ಸೆ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ. ಮೊದಲು ಫೋನಿನಲ್ಲೇ ಕೇಳೋಣ ಎನ್ನುವವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಹಳೆಯ ಎಲ್‌ಎಫ್‌ಟಿ ರಿಪೋರ್ಟ್‌ಗಳನ್ನೂ ಜೊತೆಗೆ ಒಯ್ಯಿರಿ.