ಹೇರ್ ಟಾಪರ್: ಕೂದಲು ಚೆನ್ನಾಗಿದೆ, ತಕರಾರು ಕ್ಲಿಪ್ಪಿನದ್ದು

ಹೇರ್ ಟಾಪರ್ ಅಂದರೆ ನೆತ್ತಿಯಲ್ಲಿ ಕೂದಲು ತೆಳುವಾದ ಜಾಗ ಮುಚ್ಚಲು ಕ್ಲಿಪ್‌ನಿಂದ ಕೂರಿಸಿಕೊಳ್ಳುವ ಕೂದಲಿನ ತುಂಡು. ಅದರ ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಮೊದಲ ವಾರದಲ್ಲಿ ಬರೆದವು. ಪೆಟ್ಟಿಗೆ ಬಿಚ್ಚಿದ ಖುಷಿ, ಕನ್ನಡಿ ಮುಂದೆ ನಾಲ್ಕು ಫೋಟೋ, ಐದು ಸ್ಟಾರ್. ಆ ಖುಷಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನನಗೂ ಆಗಿತ್ತು. ಆದರೆ ಬೇಸಿಗೆ, ಮಳೆ ಎರಡನ್ನೂ ನೋಡಿದ ಮೇಲೆ, ಅದನ್ನು ಹಾಕಿಕೊಂಡೇ ಓಡಿ ಬಸ್ ಹಿಡಿದ ಮೇಲೆ, ತಲೆನೋವಿದ್ದ ದಿನವೂ ಹಾಕಿಕೊಂಡು ಕೂತ ಮೇಲೆ ಬರೆಯುವುದೇ ಬೇರೆ. ನಾನು ವರ್ಷಕ್ಕಿಂತ ಜಾಸ್ತಿ ಸಮಯದಿಂದ ಮನೆಯ ಹೊರಗೆ ಹೋಗುವಾಗಲೆಲ್ಲ ಇದನ್ನೇ ಹಾಕುತ್ತಿದ್ದೇನೆ.

ಉದ್ದ, ಬಣ್ಣದ ನಂಬರ್, ತೂಕ ಇವೆಲ್ಲ ಮಾರುವವರೇ ಬರೆದಿರುತ್ತಾರೆ. ಅವನ್ನು ಬಿಡುತ್ತೇನೆ. ನನ್ನ ತಲೆಯ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು, ಯಾಕಂದರೆ ನಿಮ್ಮ ತಲೆ ಬೇರೆ ಥರ ಇದ್ದರೆ ನನ್ನ ತೀರ್ಪು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ನನಗೆ ಕೂದಲು ಕಂತೆ ಕಂತೆಯಾಗಿ ಉದುರಲಿಲ್ಲ. ಬೈತಲೆ ಮೆಲ್ಲಗೆ ಅಗಲವಾಗುತ್ತಾ ಹೋಯಿತು. ಹಣೆಯ ಅಂಚಿನ ಕೂದಲು ಹಾಗೇ ಇದೆ, ಹಿಂದುಗಡೆ ಜಡೆಗೆ ಸಾಕಾಗುವಷ್ಟಿದೆ, ನೆತ್ತಿಯಲ್ಲಿ ಮಾತ್ರ ಚರ್ಮ ಹೊಳೆಯುತ್ತದೆ. ಹೆಂಗಸರಲ್ಲಿ ವಂಶದಿಂದ ಬರುವ ಕೂದಲಿನ ಸಮಸ್ಯೆ ಸಾಮಾನ್ಯವಾಗಿ ಇದೇ ಥರ ಇರುತ್ತದಂತೆ. ಇದನ್ನು ಅಳೆಯಲು 1977ರಲ್ಲಿ ಲುಡ್ವಿಗ್ ಎಂಬ ವೈದ್ಯರು ಮೂರು ಹಂತ ಮಾಡಿಟ್ಟಿದ್ದಾರೆ. ಡಾಕ್ಟರು ನನ್ನದನ್ನು ಎರಡನೇ ಹಂತ ಎಂದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಮೈಯಲ್ಲಿ ಕಬ್ಬಿಣದ ಅಂಶ ಎಷ್ಟು ಉಳಿದಿದೆ ಅಂತ ತಿಳಿಸುವ ಫೆರಿಟಿನ್ ಕೂಡ ನೋಡಿದರು. ಎರಡೂ ಸರಿಯಾಗಿದ್ದವು. ಔಷಧಿ ಬರೆದುಕೊಟ್ಟರು. ಅದರ ವಿಷಯ ಕೊನೆಗೆ.

ಟಾಪರ್‌ಗೆ ಮುಂಚೆ ಬಳಸುತ್ತಿದ್ದದ್ದು ಪುಡಿ, ಅಂದರೆ ಹೇರ್ ಫೈಬರ್. ಇದು ಹೆಚ್ಚಾಗಿ ಕೆರಾಟಿನ್‌ನಿಂದ ಮಾಡಿದ್ದು. ನಮ್ಮ ಕೂದಲಲ್ಲಿ ಇರುವುದೂ ಅದೇ ಪ್ರೋಟೀನ್. ಸಣ್ಣ ಸಣ್ಣ ಎಳೆಗಳು ಸ್ಟ್ಯಾಟಿಕ್ ಕರೆಂಟ್‌ನಿಂದ ನಮ್ಮ ಕೂದಲಿಗೆ ಹಿಡಿದುಕೊಳ್ಳುತ್ತವೆ. ಈ ಪುಡಿಯನ್ನು ನಾನು ಈಗಲೂ ಇಷ್ಟಪಡುತ್ತೇನೆ. ಕೂದಲು ಪೂರ್ತಿ ಒಣಗಿರಬೇಕು, ಎಣ್ಣೆ ಇರಬಾರದು. ಇದ್ದರೆ ಗಂಟು ಗಂಟಾಗುತ್ತದೆ. ಕನ್ನಡಿ ಮುಂದೆ ತಲೆ ಬಗ್ಗಿಸಿ, ಡಬ್ಬಿಯನ್ನು ಬೈತಲೆಯ ಮೇಲೆ ಹಿಡಿದು, ಬೆರಳಲ್ಲಿ ಮೆಲ್ಲಗೆ ತಟ್ಟಬೇಕು. ಕೈಯಲ್ಲಿ ಸವರಿ, ಮೇಲೆ ಒಂಚೂರು ಸ್ಪ್ರೇ. ಐದು ನಿಮಿಷದಲ್ಲಿ ಬೈತಲೆ ಮುಚ್ಚುತ್ತದೆ. ಬಾತ್‌ರೂಮಿನ ಬಿಳಿ ಸಿಂಕ್ ಮಾತ್ರ ಇಡೀ ದಿನ ಕಪ್ಪು ಚುಕ್ಕೆ ತೋರಿಸುತ್ತಿರುತ್ತದೆ.

ಪುಡಿಗೆ ಹಿಡಿದುಕೊಳ್ಳಲು ಕೂದಲು ಬೇಕು. ಬರಿ ಚರ್ಮದ ಮೇಲೆ ಹಾಕಿದರೆ ಮಸಿ ಬಳಿದುಕೊಂಡ ಥರವೇ ಕಾಣುತ್ತದೆ. ಬೆವರು ಬಂದಾಗ ಮರೆತು ತಲೆ ಕೆರೆದುಕೊಂಡರೆ ಉಗುರೆಲ್ಲ ಕಪ್ಪು. ಮೊದಲ ಹಂತದಲ್ಲಿ ಇರುವವರಿಗೆ ಪುಡಿಯೇ ಸಾಕು, ಟಾಪರ್‌ಗೆ ಹೋಗಬೇಡಿ ಎನ್ನುತ್ತೇನೆ. ನನ್ನ ನೆತ್ತಿ ಆ ಹಂತ ದಾಟಿತ್ತು.

ಟಾಪರ್ ಅಂದರೆ ಇಡೀ ತಲೆ ಮುಚ್ಚುವ ವಿಗ್ ಅಲ್ಲ. ಅಂಗೈ ಅಗಲದ ಒಂದು ತಳ, ಅದಕ್ಕೆ ಕೂದಲು ಕಟ್ಟಿರುತ್ತಾರೆ, ಅಂಚಿನಲ್ಲಿ ಪುಟ್ಟ ಕ್ಲಿಪ್‌ಗಳು. ನೆತ್ತಿಯ ಮೇಲೆ ಕೂರಿಸಿ, ಕ್ಲಿಪ್ ಒತ್ತಿ, ನಮ್ಮ ಕೂದಲನ್ನು ಅದರ ಜೊತೆ ಸೇರಿಸಿ ಬಾಚಿದರೆ ಮುಗಿಯಿತು. ಮುಂದಿನ ಅಂಚೂ ಹಿಂದಿನ ಜಡೆಯೂ ನಮ್ಮದೇ ಆದ್ದರಿಂದ ಗೊತ್ತಾಗುವುದು ಕಷ್ಟ. ವಿಗ್ ಒಮ್ಮೆ ಹಾಕಿ ನೋಡಿದ್ದೆ. ಸೆಖೆ ತಡೆಯಲಿಲ್ಲ. ಇರುವ ಕೂದಲನ್ನೂ ಯಾಕೆ ಮುಚ್ಚಿಡಬೇಕು ಅಂತಲೂ ಅನ್ನಿಸಿತು.

ಈಗ ಬೈತಲೆಯ ವಿಷಯ. ಇದರ ಬಗ್ಗೆ ಯಾರೂ ಸರಿಯಾಗಿ ಬರೆಯುವುದಿಲ್ಲ. ಫ್ಯಾಕ್ಟರಿಯಿಂದ ಬಂದ ಟಾಪರ್‌ನ ಬೈತಲೆ ನಿಜವಾದ ತಲೆಯಲ್ಲಿ ಇರುವ ಥರ ಇರುವುದೇ ಇಲ್ಲ. ನನ್ನ ತಂಗಿ ನೋಡಿದ ಕೂಡಲೇ ಹೇಳಿದಳು, "ಅಕ್ಕಾ, ಕೂದಲು ಸೂಪರ್. ಆದರೆ ಬೈತಲೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ." ಸರಿಯಾಗೇ ಹೇಳಿದ್ದಳು. ಗೆರೆ ನೆಟ್ಟಗೆ ಇತ್ತು, ತಳದ ಬಟ್ಟೆ ನನ್ನ ಚರ್ಮಕ್ಕಿಂತ ತುಂಬಾ ಬಿಳಿಯಾಗಿತ್ತು, ಎರಡೂ ಕಡೆ ಕೂದಲು ದಟ್ಟವಾಗಿ ಎದ್ದು ನಿಂತಿತ್ತು. ದೂರದಿಂದ ನೋಡಿದವರಿಗೆ ಏನೂ ಅನ್ನಿಸುವುದಿಲ್ಲ. ಎದುರು ಕೂತು ಮಾತಾಡುವವರ ಕಣ್ಣು ಮಾತ್ರ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಇದಕ್ಕೆ ಪರಿಹಾರ ಸುಲಭ, ತಾಳ್ಮೆ ಇದ್ದರೆ. ಒಂದು ರಾತ್ರಿ ಊಟ ಮುಗಿಸಿ, ಟಾಪರನ್ನು ದಿಂಬಿಗೆ ಪಿನ್ ಮಾಡಿ ಕೂತೆ. ಹುಬ್ಬು ಕೀಳುವ ಚಿಮುಟ ತೆಗೆದುಕೊಂಡು ಗೆರೆಯ ಅಂಚಿನಿಂದ ಅಲ್ಲೊಂದು ಇಲ್ಲೊಂದು ಎಳೆ ಕಿತ್ತೆ. ಒಂದೇ ಜಾಗದಲ್ಲಿ ಎರಡು ಕೀಳಬಾರದು, ತೂತು ಕಾಣುತ್ತದೆ. ಆಮೇಲೆ ಮುಖಕ್ಕೆ ಹಚ್ಚುವ ಕಾಂಪ್ಯಾಕ್ಟ್ ಪುಡಿಯನ್ನು, ನನ್ನ ಮುಖದ ಬಣ್ಣದ್ದೇ, ಹಳೆ ಬ್ರಷ್‌ನಲ್ಲಿ ಗೆರೆಯ ಮೇಲೆ ಒತ್ತಿದೆ. ಕೊನೆಗೆ ಬಾಚಣಿಗೆಯ ತುದಿಯಿಂದ ಗೆರೆಯನ್ನು ಒಂದೆರಡು ಕಡೆ ಬೇಕೆಂದೇ ಸೊಟ್ಟ ಮಾಡಿದೆ. ಅಷ್ಟೇ. ಬೆಳಿಗ್ಗೆ ಹಾಕಿಕೊಂಡಾಗ ತಂಗಿ ಹುಡುಕಿದರೂ ಸಿಗಲಿಲ್ಲ. ದುಬಾರಿ ಟಾಪರ್‌ಗೂ ಅಗ್ಗದ್ದಕ್ಕೂ ಇರುವ ವ್ಯತ್ಯಾಸದಲ್ಲಿ ಅರ್ಧ ಭಾಗ ಈ ಒಂದು ಸಂಜೆಯ ಕೆಲಸದಲ್ಲೇ ಮುಚ್ಚಿಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಅಲ್ಲಿಂದ ಕೆಲವು ತಿಂಗಳು ನಾನು ಇದರ ಪ್ರಚಾರಕಿಯೇ ಆಗಿಬಿಟ್ಟಿದ್ದೆ. ಲಿಫ್ಟ್‌ನಲ್ಲಿ ಮೇಲಿನ ದೀಪದ ಕೆಳಗೆ ನಿಲ್ಲಲು ಹಿಂಜರಿಕೆ ಹೋಯಿತು. ಯಾರಾದರೂ ನಿಂತು ನಾನು ಕೂತಿದ್ದಾಗ ಅವರ ಕಣ್ಣು ಎಲ್ಲಿದೆ ಅಂತ ನೋಡುವ ಚಾಳಿ ತಪ್ಪಿತು. ಬೆಳಿಗ್ಗೆ ಕ್ಲಿಪ್ ಒತ್ತುವಾಗ ಬರುವ ಟಕ್ ಸದ್ದು ಕೂಡ ಇಷ್ಟವಾಗುತ್ತಿತ್ತು.

ಆಮೇಲೆ ಅದೇ ಸದ್ದು ಕಿರಿಕಿರಿ ಶುರು ಮಾಡಿತು. ಮಧ್ಯಾಹ್ನ ದಾಟಿದರೆ ಮುಂದಿನ ಕ್ಲಿಪ್ ಇರುವ ಜಾಗದಲ್ಲಿ ಸೆಳೆತ. ಸಂಜೆ ತೆಗೆದಾಗ ಹಾಯ್ ಅನ್ನಿಸುತ್ತಿತ್ತು, ಆದರೆ ಮುಟ್ಟಿದರೆ ನೋವು. ದಿನ ಕಳೆದ ಹಾಗೆ ಅಲ್ಲಿ ತುಂಡು ಕೂದಲು ಕಾಣಿಸಿತು. ಬುಡದ ಸುತ್ತ ಸಣ್ಣ ಗುಳ್ಳೆ. ಕೂದಲಿಲ್ಲದ್ದನ್ನು ಮುಚ್ಚಲು ತಂದ ವಸ್ತು ಇದ್ದ ಕೂದಲನ್ನೂ ಎಳೆದು ಹಾಕುತ್ತಿತ್ತು! ಒಂದೇ ಜಾಗದಲ್ಲಿ ತುಂಬಾ ದಿನ ಎಳೆತ ಬಿದ್ದರೆ ಕೂದಲು ಉದುರುತ್ತದೆ. ಬಿಗಿಯಾಗಿ ಜುಟ್ಟು ಕಟ್ಟುವವರಿಗೂ ಆಗುವುದು ಇದೇ. ಬೇಗ ನಿಲ್ಲಿಸಿದರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬುಡವೇ ಕಲೆಗಟ್ಟಿ ಶಾಶ್ವತವಾಗಿ ಹೋಗಬಹುದು. ಈ ಮಾತು ಪೆಟ್ಟಿಗೆಯ ಮೇಲೂ ಇಲ್ಲ, ಜೊತೆಗೆ ಬಂದ ಚೀಟಿಯಲ್ಲೂ ಇಲ್ಲ. ಮಾರಿದವರಿಗೆ ಬರೆದೆ. "ಕ್ಲಿಪ್ ಇನ್ನೂ ಬಿಗಿಯಾಗಿ ಹಾಕಿ ಮೇಡಂ, ಅಲುಗಾಡುವುದಿಲ್ಲ" ಅಂತ ಉತ್ತರ ಬಂತು. ಏನು ಹೇಳುವುದು?

ತೊಂದರೆಯ ಮೂಲ ತಳದ ಅಳತೆಯಲ್ಲಿದೆ. ಚಿಕ್ಕ ತಳ ಹಗುರ, ಗಾಳಿ ಆಡುತ್ತದೆ ಅಂತ ಮಾರುತ್ತಾರೆ. ನಿಜವೇ. ಆದರೆ ಕ್ಲಿಪ್ ಇರುವುದು ತಳದ ಅಂಚಿನಲ್ಲಿ. ತಳ ಚಿಕ್ಕದಾದರೆ ಕ್ಲಿಪ್ ಹೋಗಿ ತೆಳುವಾದ ಜಾಗದಲ್ಲೇ ಕೂರುತ್ತದೆ. ಅಲ್ಲಿರುವ ಬಡಪಾಯಿ ಎಳೆಗಳು ಇಡೀ ಟಾಪರ್‌ನ ಭಾರ ಹೊರಬೇಕು. ಹಾಗಾಗಿ ಕೊಳ್ಳುವ ಮುಂಚೆ ಕೈಯಲ್ಲಿ ಸವರಿ, ಗಟ್ಟಿ ಕೂದಲು ಎಲ್ಲಿಂದ ಶುರುವಾಗುತ್ತದೆ ಅಂತ ನೋಡಿ. ಟೇಪ್ ಇಟ್ಟು ಅಲ್ಲಿಂದ ಅಲ್ಲಿಗೆ ಅಳೆಯಿರಿ. ತಳ ಅದಕ್ಕಿಂತ ಸ್ವಲ್ಪ ದೊಡ್ಡದೇ ಇರಲಿ. ಬೋಳು ಜಾಗ ಮುಚ್ಚಿದರೆ ಸಾಕು ಅಂತ ಹೇಳುವವರ ಮಾತು ಕೇಳಬೇಡಿ.

ನನ್ನ ಹತ್ತಿರ ಇರುವುದನ್ನು ಎಸೆಯುವಷ್ಟು ದುಡ್ಡಿಲ್ಲ. ಸೂಜಿ ದಾರ ಹಿಡಿದೆ. ಮುಂದಿನ ಕ್ಲಿಪ್ ಬಿಚ್ಚಿ ತೆಗೆದುಬಿಟ್ಟೆ. ಪಕ್ಕದ ಎರಡನ್ನು ಸ್ವಲ್ಪ ಹಿಂದಕ್ಕೆ, ಕಿವಿಯ ಮೇಲಿನ ದಟ್ಟ ಕೂದಲಿಗೆ ಸಿಗುವ ಹಾಗೆ ಹೊಲಿದೆ. ಒಳಗೆ ರಬ್ಬರ್ ಥರದ ಸಿಲಿಕೋನ್ ಪಟ್ಟಿ ಇರುವ ಕ್ಲಿಪ್ ಬೇರೆಯಾಗಿ ಸಿಗುತ್ತದೆ, ಅದನ್ನೇ ಹಾಕಿದೆ. ಬೆಳಿಗ್ಗೆ ಕ್ಲಿಪ್ ಕೂರುವ ಜಾಗದ ಕೂದಲನ್ನು ಬಾಚಣಿಗೆಯಿಂದ ಹಿಂದುಮುಂದಾಗಿ ಬಾಚಿ ಸ್ವಲ್ಪ ಉಬ್ಬಿಸುತ್ತೇನೆ. ಹಿಡಿತ ಚೆನ್ನಾಗಿ ಸಿಗುತ್ತದೆ, ಬಿಗಿ ಬೇಕಾಗುವುದಿಲ್ಲ. ಇಡುವ ಜಾಗವನ್ನು ದಿನಾ ಒಂದು ಬೆರಳಿನಷ್ಟು ಆಚೀಚೆ ಮಾಡುತ್ತೇನೆ. ಮನೆಗೆ ಬಂದ ಕೂಡಲೇ, ಚಪ್ಪಲಿ ಬಿಟ್ಟ ಮೇಲಿನ ಮೊದಲ ಕೆಲಸ ಟಾಪರ್ ತೆಗೆಯುವುದು. ಅದನ್ನು ಹಾಕಿಕೊಂಡು ಮಲಗುವುದಂತೂ ಬೇಡವೇ ಬೇಡ. ರಜೆಯ ದಿನ ತಲೆಗೆ ಸ್ಕಾರ್ಫ್, ಇಲ್ಲಾ ಬರಿ ಪುಡಿ. ಗುಳ್ಳೆ ಹೋಗಿವೆ. ಮುರಿದ ಜಾಗದಲ್ಲಿ ಗಿಡ್ಡ ಕೂದಲು ಬರುತ್ತಿದೆ. ಮುಂದೆ ಕ್ಲಿಪ್ ಇಲ್ಲದ್ದರಿಂದ ಜೋರು ಗಾಳಿಗೆ ಅಂಚು ಸ್ವಲ್ಪ ಏಳುತ್ತದೆ. ಕೈಯಲ್ಲಿ ಒತ್ತಿಕೊಳ್ಳುತ್ತೇನೆ. ನೋಡುವವರು ಕೂದಲು ಸರಿ ಮಾಡಿಕೊಳ್ಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ, ಅಲ್ವಾ?

ನನ್ನದು ಸಿಂಥೆಟಿಕ್. ಮನುಷ್ಯರ ಕೂದಲಿನದ್ದು ಹಲವು ಪಟ್ಟು ದುಬಾರಿ. ಆ ಬಜೆಟ್ ನನಗಿಲ್ಲ. ಸಿಂಥೆಟಿಕ್‌ನಲ್ಲಿ ಒಂದು ಅನುಕೂಲ ಇದೆ. ತೊಳೆದು ಒಣಗಿಸಿದರೆ ಮೊದಲಿನ ಆಕಾರಕ್ಕೇ ಬರುತ್ತದೆ, ಬೆಳಿಗ್ಗೆ ಕೆಲಸವಿಲ್ಲ. ಹೊಸತರಲ್ಲಿ ಪ್ಲಾಸ್ಟಿಕ್ ಹೊಳಪು ಇರುತ್ತದೆ. ಡ್ರೈ ಶಾಂಪೂ ಒಂಚೂರು ಹಾಕಿ ಬಾಚಿದರೆ ಇಳಿಯುತ್ತದೆ. ಕುತ್ತಿಗೆಗೆ, ಕಾಲರ್‌ಗೆ ಉಜ್ಜುವ ತುದಿಗಳು ಮೊದಲು ಸಿಕ್ಕಾಗುತ್ತವೆ. ಆದ್ದರಿಂದ ಭುಜಕ್ಕೆ ತಾಗದ ಉದ್ದ ಒಳ್ಳೆಯದು. ಬಿಸಿ ತಾಗಿಸಬೇಡಿ. ಒಲೆಯ ಮುಂದೆ ಬಗ್ಗಿದರೂ, ಓವನ್ ಬಾಗಿಲು ತೆರೆದರೂ ಮುಂದಿನ ಎಳೆ ಸುರುಟಿಕೊಳ್ಳುತ್ತದೆ. ಮನುಷ್ಯರ ಕೂದಲಿನದ್ದಕ್ಕೆ ಆ ಭಯವಿಲ್ಲ, ಬಾಳಿಕೆಯೂ ಜಾಸ್ತಿ. ಬಿಸಿಲಿಗೆ ಬಣ್ಣ ಮಾತ್ರ ಕೆಂಪಗೆ ತಿರುಗುತ್ತದೆ.

ಔಷಧಿ ಅಂದೆನಲ್ಲ, ಅದು ಮಿನಾಕ್ಸಿಡಿಲ್. ಮೂಲತಃ ಬಿಪಿಗೆ ಕೊಡುತ್ತಿದ್ದ ಗುಳಿಗೆ. ಅದನ್ನು ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು. ಅಮೆರಿಕದಲ್ಲಿ ಹೆಂಗಸರಿಗೆ ಶೇಕಡಾ 2ರ ದ್ರವಕ್ಕೆ 1991ರಲ್ಲಿ ಒಪ್ಪಿಗೆ ಸಿಕ್ಕಿತು, ದಿನಕ್ಕೊಮ್ಮೆ ಹಚ್ಚುವ ಶೇಕಡಾ 5ರ ನೊರೆಗೆ 2014ರಲ್ಲಿ. ಶುರುವಿನ ವಾರಗಳಲ್ಲಿ ಇನ್ನೂ ಜಾಸ್ತಿ ಉದುರಬಹುದು. ಹೆದರಿ ಬಿಟ್ಟುಬಿಡುವವರು ತುಂಬಾ. ಏನಾದರೂ ಕಾಣಿಸಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಬಸುರಿಯರು ಹಚ್ಚಬಾರದು. ಟಾಪರ್ ಜೊತೆ ಹೊಂದಿಸುವುದು ಹೇಗೆ ಅಂತ ಕೇಳುವವರಿಗೆ: ರಾತ್ರಿ ಹಚ್ಚಿ, ಮಲಗುವ ಹೊತ್ತಿಗೆ ಪೂರ್ತಿ ಒಣಗಿರಲಿ. ಹಸಿಯಿದ್ದರೆ ದಿಂಬಿನಿಂದ ಮುಖಕ್ಕೆ ತಾಗಿ ಅಲ್ಲಿ ಕೂದಲು ಬರಬಹುದು. ಹಚ್ಚಿದ ಕೂಡಲೇ ಟಾಪರ್ ಹಾಕಬೇಡಿ, ತಳ ಅಂಟಾಗುತ್ತದೆ.

ಯಾರು ಕೊಳ್ಳಬಾರದು? ಹೆರಿಗೆಯಾಗಿ ಅಥವಾ ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ರಾಶಿ ರಾಶಿ ಉದುರುತ್ತಿದ್ದರೆ ಕಾಯಿರಿ. ಅದು ಹೆಚ್ಚಾಗಿ ತಾನಾಗಿಯೇ ನಿಂತು ಮತ್ತೆ ಬರುತ್ತದೆ. ಇರುವ ಕೂದಲಿಗೆ ಕ್ಲಿಪ್ ಹಾಕಿ ಎಳೆಯಬೇಡಿ. ನಾಣ್ಯದ ಅಗಲಕ್ಕೆ ಇದ್ದಕ್ಕಿದ್ದಂತೆ ಬೋಳಾಗಿದ್ದರೆ, ತಲೆ ಉರಿಯುತ್ತಿದ್ದರೆ, ಹಣೆಯ ಅಂಚು ಹಿಂದೆ ಹೋಗುತ್ತಾ ಹುಬ್ಬೂ ಉದುರುತ್ತಿದ್ದರೆ ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ. ಅದರಲ್ಲಿ ಕೆಲವು ಕಾಯಿಲೆಗಳು ತಡ ಮಾಡಿದರೆ ಬುಡವನ್ನೇ ಸುಟ್ಟುಬಿಡುತ್ತವೆ. ಮುಚ್ಚಿಕೊಂಡು ಓಡಾಡುವ ಹೊತ್ತಲ್ಲ ಅದು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಪೂರ್ತಿ ಕ್ಲಿಪ್‌ಗೆ. ಈ ಟಾಪರ್‌ನ ತುದಿಗಳು ಈಗ ಸವೆದಿವೆ, ಕತ್ತರಿಸಿ ಕತ್ತರಿಸಿ ಗಿಡ್ಡವಾಗಿದೆ. ಮುಂದಿನದೂ ಸಿಂಥೆಟಿಕ್ಕೇ. ತಳ ಒಂದು ಸೈಜ್ ದೊಡ್ಡದು, ಕೂದಲು ಇದಕ್ಕಿಂತ ತೆಳು, ಮುಂದುಗಡೆ ಕ್ಲಿಪ್ ಬೇಡ ಅಂತ ಹೇಳಿಯೇ ಆರ್ಡರ್ ಮಾಡಿದ್ದೇನೆ. "ಕ್ಲಿಪ್ ಇಲ್ಲದೆ ಕೊಟ್ಟರೆ ಗ್ಯಾರಂಟಿ ಇಲ್ಲ ಮೇಡಂ" ಅಂದರು. ಪರವಾಗಿಲ್ಲ ಅಂದೆ.